ಸೋತ ದಿನದ ಹುರಿಗಡಲೆ

ದಿಂಡಿಗಲ್ ಬಸ್ ನಿಲ್ದಾಣದಲ್ಲಿ ತೇನಿ ಕಡೆಯ ಬಸ್ಸಿಗೆ ಕಾಯುತ್ತಿದ್ದಾಗ ಕಡಲೆ ಹುರಿಯುವ ವಾಸನೆ ಬಂತು. ಗಾಡಿಯವನು ಬಿಸಿ ಮರಳಿನಿಂದ ಕಡಲೆಯನ್ನು ಜರಡಿ ಹಿಡಿದು ಗುಡ್ಡೆ ಹಾಕುತ್ತಿದ್ದ. ಪಕ್ಕದಲ್ಲೇ ಅಚ್ಚುಬೆಲ್ಲ. ನಾನು ಹೊರಟಿದ್ದು ಸಾವಿನ ಮನೆಗೆ. ಸಾವಿನ ಮನೆಗೆ ಹೋಗುವವರು ತಿಂಡಿ ಕಟ್ಟಿಸಿಕೊಳ್ಳುತ್ತಾರೆಯೇ? ಆದರೂ ಒಂದು ಪೊಟ್ಟಣ ಹುರಿಗಡಲೆ, ಅದರಲ್ಲೇ ಒಂದಿಷ್ಟು ಬೆಲ್ಲ ಮುರಿಸಿ ಹಾಕಿಸಿಕೊಂಡು ಬ್ಯಾಗಿನ ತಳಕ್ಕೆ ತುರುಕಿದೆ. ಬಸ್ಸು ಹೊರಟ ಮೇಲೆ ವಾಸನೆ ಬ್ಯಾಗಿನಿಂದಲೇ ಬರತೊಡಗಿತು.

ತೀರಿಕೊಂಡವಳು ನಮ್ಮ ಎದುರುಮನೆ ಅತ್ತೆ. ರಕ್ತಸಂಬಂಧವೇನಲ್ಲ. ತೇನಿ ಆಚೆಯ ನಮ್ಮೂರು ತೇವಾರಂನ ಬೀದಿಯಲ್ಲಿ ಎಲ್ಲರೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು ಆಡುವ ಒಂದೇ ಕುಲದ ಒಕ್ಕಲುಮಕ್ಕಳು, ಹಾಗಾಗಿ ಎಲ್ಲ ಹೆಂಗಸರೂ ಅತ್ತೆಯರೋ ಚಿಕ್ಕಮ್ಮಂದಿರೋ ಆಗಿರುತ್ತಿದ್ದರು. ಈ ಅತ್ತೆ ಮದುವೆಗೆ ಮೊದಲು ಕೊಡೈಕಾನಲ್‌ನ ಯಾವುದೋ ಇಂಗ್ಲಿಷ್ ಶಾಲೆಯ ಹಾಸ್ಟೆಲಿನಲ್ಲಿ ಆಯಾ ಆಗಿದ್ದವಳು. ದೊರೆಗಳ ಮಕ್ಕಳಿಗೆ ತಲೆ ಬಾಚಿ ಬಾಚಿ ಇಂಗ್ಲಿಷ್ ಕಲಿತಿದ್ದಳು. ಬೀದಿಯಲ್ಲಿ ಆ ಭಾಷೆ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ.

ಅವಳ ಗಂಡ ಏಲಕ್ಕಿ ತೋಟಗಳಿಗೆ ಆಳುಗಳನ್ನು ಕರೆದೊಯ್ಯುವ ಜೀಪಿನ ಡ್ರೈವರ್. ಒಂದು ಮಳೆಗಾಲ ಘಾಟಿಯಲ್ಲಿ ಜೀಪು ಉರುಳಿತು. ಅವನು ಬಿಟ್ಟುಹೋದದ್ದು ಆ ಮನೆ, ಒಂದು ಕಲರ್ ಟೀವಿ ಮತ್ತು ಮಗಳು. ಮಗಳನ್ನು ಬೀದಿಯೆಲ್ಲ ಸಣ್ಣಿ ಎನ್ನುತ್ತಿತ್ತು. ಆಗ ಅವಳಿಗೆ ಎಂಟು ತುಂಬಿತ್ತೇನೋ. ನಾನು ಅವಳಿಗಿಂತ ಮೂರು ವರ್ಷ ದೊಡ್ಡವಳು.

ತೊಂಬತ್ತರ ದಶಕದ ಕೊನೆ. ನಮ್ಮೂರಿಗೆ ಕೇಬಲ್ ಬಂದು ಹೆಚ್ಚು ಕಾಲವಾಗಿರಲಿಲ್ಲ. ಸಂಜೆ ಒಂದು ಇಂಗ್ಲಿಷ್ ಚಾನೆಲ್ಲಿನಲ್ಲಿ ಜಪಾನಿನ ಗೊಂಬೆಚಿತ್ರ ಬರುತ್ತಿತ್ತು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಒಬ್ಬ ಹುಡುಗ ಊರೂರು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು ಬುಟ್ಟಿಗೆ ಸೇರಿಸುತ್ತಾನೆ. ಎಲೆಯಂಥ ಕಿವಿಯ ಮೊಲ, ಮೋಡ ಕಕ್ಕುವ ಕಪ್ಪೆ, ಇನ್ನೂ ಏನೇನೋ... ಪ್ರತಿ ಊರಲ್ಲೂ ಒಬ್ಬ ಯಜಮಾನನಿರುತ್ತಾನೆ. ಹುಡುಗ ತನ್ನ ಪ್ರಾಣಿಗಳಿಂದ ಅವನ ಪ್ರಾಣಿಗಳನ್ನು ಸೋಲಿಸಿದರೆ ಆ ಊರಿನ ಚಿಪ್ಪು ಸಿಗುತ್ತದೆ. ಎಲ್ಲ ಊರಿನ ಚಿಪ್ಪುಗಳನ್ನೂ ಗಳಿಸಿದವನಿಗೆ ಕೊನೆಯ ದೊಡ್ಡ ಪಂದ್ಯ. ಇಷ್ಟೂ ನಮಗೆ ತಿಳಿದದ್ದು ಅತ್ತೆಯಿಂದ. ನಾವು ಏಳೆಂಟು ಮಕ್ಕಳು ಅವಳ ನಡುಮನೆಯಲ್ಲಿ ಕೂತರೆ ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ, ಮೊರದಲ್ಲಿ ಏನಾದರೂ ಆರಿಸುತ್ತ, ಅವರು ಆಡಿದ್ದನ್ನೆಲ್ಲ ನಮ್ಮ ಮನೆಗನ್ನಡದಲ್ಲಿ ಹೇಳುತ್ತಿದ್ದಳು. ಕಪ್ಪೆಗೂ ಅವಳದೇ ದನಿ, ಯಜಮಾನನಿಗೂ ಅವಳದೇ ದನಿ.

ಅವಳು ಹೇಳುವ ಕಥೆಯಲ್ಲಿ ಆ ಹುಡುಗ ಸೋಲುತ್ತಲೇ ಇದ್ದ. ತೆರೆಯ ಮೇಲೆ ನೋಡಿದರೆ ಯಜಮಾನ ಚಿಪ್ಪು ಕೊಡುತ್ತಿರುತ್ತಾನೆ, ಹುಡುಗ ಅದನ್ನು ಎತ್ತಿ ಹಿಡಿದು ಕುಣಿಯುತ್ತಿರುತ್ತಾನೆ. ಅತ್ತೆ ಮಾತ್ರ ಅಕ್ಕಿಯಲ್ಲಿ ಕಲ್ಲು ಹುಡುಕುತ್ತ, ಸೋತುಬಿಟ್ಟ, ಆ ಚಿಪ್ಪು ಕಡ, ಇನ್ನೊಂದು ಸಲ ಬಂದು ಗೆಲ್ಲೋವರೆಗೂ ಅದು ಇವನದಲ್ಲ ಅಂತ ಯಜಮಾನ ಹೇಳ್ತಾವ್ನೆ, ಎನ್ನುತ್ತಿದ್ದಳು. ಸೋತವನು ಯಾಕೆ ಕುಣಿಯುತ್ತಾನೆ ಎಂದು ನಾನೊಮ್ಮೆ ಕೇಳಿದೆ.

"ಅವ್ರ ದೇಶದಾಗೆ ಸೋತ್ರೆ ನಗ್ತಾರೆ ಕಣೇ," ಎಂದಳು.

ನಾವು ನಂಬಿದೆವು. ಜಪಾನಿನವರು ಸೋತರೆ ನಗುವ ಜನ ಎಂದು ಬಹಳ ಕಾಲ ತಿಳಿದುಕೊಂಡಿದ್ದೆ. ಶಾಲೆಯಲ್ಲಿ ಹೇಳಿ ಬೈಸಿಕೊಂಡಿದ್ದೂ ಉಂಟು.

ಆ ಚಿತ್ರದ ಹುಚ್ಚಿನಲ್ಲಿ ನಾವೂ ಪ್ರಾಣಿ ಹಿಡಿಯಲು ಹೊರಟೆವು. ನಮಗೆ ಸಿಕ್ಕಿದ್ದು ಜೀರಂಗಿ, ಜಾಲಿಮರದಲ್ಲಿ ಕೂರುವ ಹಸಿರು ಹೊಳಪಿನ ಹುಳ. ಮುಳ್ಳು ಚುಚ್ಚಿಸಿಕೊಂಡು ಹಿಡಿದು, ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪಿನೊಂದಿಗೆ ಇಟ್ಟು ಸಾಕುತ್ತಿದ್ದೆವು. ಜಗಲಿಯ ಮೇಲೆ ಬಿಟ್ಟು ಯಾರದು ಮೊದಲು ಗೋಡೆ ಮುಟ್ಟುತ್ತದೆ ಎಂದು ಪಂದ್ಯ. ಎಲ್ಲರಿಗಿಂತ ಹೆಚ್ಚು ಜೀರಂಗಿ ಇದ್ದದ್ದು ಸಣ್ಣಿಯ ಬಳಿ. ಅವುಗಳಲ್ಲಿ ಒಂದನ್ನೂ ಅವಳು ಹಿಡಿದದ್ದಲ್ಲ. ಹಿಡಿದವರು ಅವಳಿಗೆ ಕೊಡಬೇಕು, ಅವಳದು ಸೋತರೆ ಇನ್ನೊಂದು ಸಲ ಬಿಡಬೇಕು, ಅವಳು ಗೆಲ್ಲುವವರೆಗೆ ಬಿಡುತ್ತಿರಬೇಕು. ಅದು ಬೀದಿಯ ದೊಡ್ಡವರ ಕಟ್ಟಪ್ಪಣೆ. ಅಪ್ಪ ಇಲ್ಲದ ಕೂಸು, ಪಾವಂ, ಪಾಪದ್ದು, ಬಿಟ್ಟುಕೊಡಿ. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೂ ಅವಳದೇ ಗೆಲುವು. ಅಳಗುಳಿಮಣೆಯಲ್ಲಿ ಬೀದಿಗೆಲ್ಲ ನಾನೇ ಜಾಣೆ, ಆದರೂ ಸಣ್ಣಿ ಎದುರು ಕೂತರೆ ಬೇಕೆಂದೇ ತಪ್ಪು ಗುಳಿಯಿಂದ ಬೀಜ ಎತ್ತುತ್ತಿದ್ದೆ. ನಮಗದು ಅಭ್ಯಾಸವಾಗಿಹೋಗಿತ್ತು.

ಸಣ್ಣಿ ಹೇಗಾಗಿದ್ದಳೆಂದರೆ, ಒಂದು ಜೀರಂಗಿ ನಡೆಯದಿದ್ದರೆ ಅದನ್ನು ಬೀದಿಗೆಸೆದು ಬೇರೆಯದಕ್ಕೆ ಕೈ ಚಾಚುತ್ತಿದ್ದಳು. ಆಟದ ನಿಯಮ ಯಾವುದೂ ಅವಳಿಗೆ ಸರಿಯಾಗಿ ಗೊತ್ತಿರಲಿಲ್ಲ, ಗೊತ್ತಾಗುವ ಅಗತ್ಯವೇ ಬಿದ್ದಿರಲಿಲ್ಲವಲ್ಲ. ಶಾಲೆಯಲ್ಲಿ, ಬೇರೆ ಬೀದಿಯ ಮಕ್ಕಳ ನಡುವೆ, ಆಟಕ್ಕೆ ಕರೆದರೆ ಹೋಗದೆ ಗೋಡೆಗೆ ಆತು ನಿಲ್ಲುತ್ತಿದ್ದಳು. ಅಲ್ಲಿ ಬಿಟ್ಟುಕೊಡುವವರು ಯಾರಿದ್ದಾರೆ? ಇದನ್ನು ಬೀದಿಯಲ್ಲಿ ಯಾರೂ ಗಮನಿಸಲಿಲ್ಲ. ಅತ್ತೆ ಗಮನಿಸಿದ್ದಳು.

ಅವಳು ಒಮ್ಮೆ ಇದಕ್ಕಾಗಿ ನನ್ನ ಅಜ್ಜಿಯ ಜೊತೆ ಜಗಳವನ್ನೂ ಆಡಿದ್ದಳು. ನನ್ನ ಮಗಳನ್ನು ಮೂಲೆಗೆ ಕೂರಿಸ್ತಾ ಇದ್ದೀರಿ, ನಾಳೆ ನಾನೂ ಹೋದರೆ ಅವಳು ಲೋಕದ ಎದುರು ಹೇಗೆ ನಿಲ್ಲುತ್ತಾಳೆ, ಮಕ್ಕಳಿಗೆ ಹೇಳಿ, ಸರಿಯಾಗಿ ಆಡಲಿ, ಎಂದು. ಅಜ್ಜಿ ಎಲೆಅಡಿಕೆ ಜಗಿಯುತ್ತ ಕೇಳಿ, ಕೊನೆಗೆ ಹೇಳಿದ್ದು ಇಷ್ಟೇ:

"ಅಪ್ಪನ್ನ ಕಳ್ಕಂಡ ಕೂಸು, ಇನ್ನೊಂದ್ಯಾಕವ್ವ ಕಳ್ಕಬೇಕು?"

ಅತ್ತೆ ಎದ್ದು ಹೋದಳು. ಬೀದಿಯನ್ನು ಅವಳಿಂದ ಸೋಲಿಸಲಾಗಲಿಲ್ಲ. ಆ ಬುಟ್ಟಿ ಹುಡುಗ ಸೋಲತೊಡಗಿದ್ದು ಅದಾದ ಮೇಲೆಯೇ ಇರಬೇಕು... ಆಗ ನನಗೆ ಹೊಳೆಯಲಿಲ್ಲ.

ಗುಟ್ಟು ಒಡೆದದ್ದು ನನ್ನ ಚಿಕ್ಕಪ್ಪನ ಮಗನಿಂದ. ಅವನು ಮಧುರೆಯಲ್ಲಿ ಇಂಗ್ಲಿಷ್ ಮೀಡಿಯಂ ಓದುತ್ತಿದ್ದ, ರಜೆಗೆ ಬಂದಿದ್ದ. ಆ ಸಂಜೆಯ ಕಥೆಯಲ್ಲಿ ಹುಡುಗ ಪಂದ್ಯಕ್ಕೆ ನಿಂತ ಹೊತ್ತಿಗೆ ಊರಿಗೆ ನೀರು ನುಗ್ಗುತ್ತದೆ, ಹುಡುಗ ಯಜಮಾನನ ಮುದಿ ಆಮೆಯನ್ನು ಎತ್ತಿಕೊಂಡು ಓಡುತ್ತಾನೆ, ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ಯಜಮಾನ ಚಿಪ್ಪು ಕೊಡುತ್ತಾನೆ. ಅತ್ತೆ ಎಂದಿನಂತೆ, ಇದು ಕಡ ಎಂದಳು. ಚಿಕ್ಕಪ್ಪನ ಮಗ ತಿರುಗಿ ಕೂತ. ಅತ್ತೆ ಸುಳ್ಳು ಹೇಳುತ್ತಿದ್ದಾಳೆ ಎಂದ. ನೀನು ಒಳ್ಳೆಯ ಹುಡುಗ, ಗೆಲ್ಲದಿದ್ದರೂ ಪರವಾಗಿಲ್ಲ, ಇಟ್ಟುಕೋ, ಎಂದೇ ಯಜಮಾನ ಹೇಳಿದ್ದಂತೆ. ಅವನು ಈ ಚಿತ್ರವನ್ನು ಮೊದಲಿಂದ ನೋಡಿದವನು. ಹುಡುಗನ ಬುಟ್ಟಿಯಲ್ಲಿದ್ದ ಚಿಪ್ಪುಗಳಲ್ಲಿ ಅರ್ಧಕ್ಕರ್ಧ ಹೀಗೆಯೇ ಬಂದವು, ಪ್ರಾಣಿಗಳೂ ಅಷ್ಟೆ, ತಾವಾಗಿ ಬಂದು ಬುಟ್ಟಿಗೆ ಹಾರಿದವು, ಎಂದು ಒಂದೊಂದಾಗಿ ಹೇಳಿದ.

ನಾವೆಲ್ಲ ಅತ್ತೆಯ ಕಡೆ ನೋಡಿದೆವು. ಅವಳು ಮೊರ ಕೆಳಗಿಟ್ಟಳು. ನಮಗೆ ಮೋಸಹೋದ ಸಿಟ್ಟು. ಆದರೆ ಸಣ್ಣಿ ಅಮ್ಮನ ಕಡೆ ನೋಡಲಿಲ್ಲ, ನಮ್ಮ ಕಡೆ ನೋಡಿದಳು. ಒಬ್ಬೊಬ್ಬರ ಮುಖವನ್ನೂ ನೋಡಿ, ಆಮೇಲೆ ತಾಯಿಯನ್ನು ಕೇಳಿದಳು.

"ಅಂಗಾರೆ ನಂಗೂ ಇವ್ರೆಲ್ಲ ಅಂಗೇ ಕೊಟ್ಟವ್ರಾ?"

ಟೀವಿಯಲ್ಲಿ ಯಾವುದೋ ಬಿಸ್ಕತ್ತಿನ ಜಾಹೀರಾತು ಓಡುತ್ತಿತ್ತು. ಅತ್ತೆ ಹೂಂ ಎಂದಳು. ಇಲ್ಲ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಮಗುವಿಗೆ ಹಾಗೆ ಮುಖದ ಮೇಲೆ ಹೇಳಬಹುದೇ ಎಂದು ಆಗ ಅನ್ನಿಸಿತ್ತು. ಈಗ ನನಗೂ ಒಬ್ಬ ಮಗನಿದ್ದಾನೆ, ಆ ಹೂಂ ಎಷ್ಟು ಕಷ್ಟದ್ದೆಂದು ಗೊತ್ತಾಗುತ್ತದೆ.

ಸಣ್ಣಿ ಎದ್ದುಹೋಗಿ ಅಟ್ಟದಿಂದ ಅಳಗುಳಿಮಣೆ ಇಳಿಸಿ ತಂದು ನಮ್ಮ ಜಗಲಿಯ ಮೇಲೆ ನನ್ನೆದುರು ಇಟ್ಟಳು. ಒಂದೊಂದು ಗುಳಿಗೂ ಹುಣಸೆಬೀಜ ತುಂಬಿದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಿಂತರು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಕಣ್ಣಲ್ಲೇ, ಬಿಟ್ಟುಕೊಡು, ಎಂದಳು. ಎದುರುಮನೆ ಹೊಸ್ತಿಲಲ್ಲಿ ಅತ್ತೆ ನಿಂತಿದ್ದಳು.

"ಅಜ್ಜಿ ಮಖ ನೋಡ್ಬ್ಯಾಡ," ಎಂದಳು ನನಗೆ. "ಮಣೆ ನೋಡಿ ಆಡು."

ಮಣೆ ನೋಡಿ ಆಡಿದೆ. ಬೇಗ ಮುಗಿಯಿತು. ಖಾಲಿ ಗುಳಿಯ ಆಚೆಯ ಗುಳಿ ಬಾಚಿಕೊಳ್ಳಬೇಕೆಂಬುದೂ ಸಣ್ಣಿಗೆ ನೆಟ್ಟಗೆ ಗೊತ್ತಿರಲಿಲ್ಲ, ಬೀಜವೆಲ್ಲ ನನ್ನ ಮಡಿಲಿಗೆ ಬಂತು. ಅವಳು ಮಣೆಯನ್ನು ಎತ್ತಿ ಬೀದಿಗೆ ಬಿಸಾಡಿ ಕಿರುಚಿ ಅತ್ತಳು. ಕರುಳಿಲ್ಲದವಳೇ ಎಂದು ಅಜ್ಜಿ ನನ್ನ ಬೆನ್ನಿಗೆ ಒಂದು ಕೊಟ್ಟಳು.

ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ಒಂದು ತಟ್ಟೆ ತುಂಬ ಹುರಿಗಡಲೆ, ಬೆಲ್ಲದ ಚೂರು ಹಾಕಿಕೊಂಡು ಬಂದಳು. ನಮ್ಮಲ್ಲಿ ಹುರಿಗಡಲೆ ಬೆಲ್ಲ ಹಂಚುವುದು ಕೂಸಿಗೆ ಹಲ್ಲು ಬಂದಾಗ, ಪರೀಕ್ಷೆ ಪಾಸಾದಾಗ, ದನ ಕರು ಹಾಕಿದಾಗ. ಅವಳು ಮೊದಲು ನನಗೆ ಒಂದು ಹಿಡಿ ಕೊಟ್ಟಳು, ಆಮೇಲೆ ಅಜ್ಜಿಗೆ, ಆಮೇಲೆ ಬೀದಿಯಲ್ಲಿ ನಿಂತಿದ್ದವರಿಗೆಲ್ಲ.

"ನನ್ ಮಗ್ಳು ಇವತ್ತು ಸೋತವ್ಳೆ. ತಗಳಿ," ಎಂದಳು.

ಗಂಡ ಸತ್ತ ಮೇಲೆ ತಲೆ ಕೆಟ್ಟಿದೆ ಎಂದು ಯಾರೋ ಪಿಸುಗುಟ್ಟಿದರು. ತಿನ್ನದೆ ಯಾರೂ ಬಿಡಲಿಲ್ಲ ಅನ್ನಿ. ತಿನ್ನದವಳು ಸಣ್ಣಿ ಒಬ್ಬಳೇ, ತಾಯಿ ಚಾಚಿದ ಕೈಯನ್ನು ತಳ್ಳಿ ಒಳಗೆ ಹೋದಳು. ಕತ್ತಲಾಗುವ ಮೊದಲು ಅವಳು ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಹುಣಸೆಬೀಜ ಆಯುತ್ತಿದ್ದಳು. ಮರುದಿನ ಶಾಲೆಗೆ ಮೊದಲೇ ಮಣೆ ಹೊತ್ತು ಬಂದಳು. ಸೋತಳು. ಸಂಜೆ ಮತ್ತೆ ಬಂದಳು. ಅದೆಷ್ಟು ವಾರ ಹಾಗೆ ನಡೆಯಿತೋ... ಜೀರಂಗಿಗಳನ್ನೆಲ್ಲ ಬಿಟ್ಟುಬಿಟ್ಟು ತಾನೇ ಜಾಲಿಮರಕ್ಕೆ ಕೈ ಹಾಕಿ ಗೀರಿಸಿಕೊಂಡು ಬಂದದ್ದೂ ಆ ದಿನಗಳಲ್ಲೇ. ಕೊನೆಗೆ ಒಂದು ಭಾನುವಾರ ನನ್ನನ್ನು ನಿಜವಾಗಿ ಸೋಲಿಸಿದಳು. ಅವತ್ತು ಅತ್ತೆ ಏನೂ ಹಂಚಲಿಲ್ಲ. ಉಣ್ಣಾಕೆ ಬಾ, ಹೊತ್ತಾಯ್ತು, ಎಂದಳು, ಅಷ್ಟೆ. ನನಗೆ ಹೊಟ್ಟೆ ಉರಿಯಿತು. ಗೆದ್ದ ಸಣ್ಣಿಯ ಮುಖ ಮಾತ್ರ ಬೇರೆಯಾಗಿತ್ತು, ಅದಕ್ಕೆ ಮೊದಲು ಅವಳ ಯಾವ ಗೆಲುವಿನಲ್ಲೂ ಆ ಮುಖ ನೋಡಿರಲಿಲ್ಲ.

ಗೊಂಬೆಚಿತ್ರ ಮುಂದುವರಿಯಿತು. ಈಗ ನಾವು ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಅತ್ತೆಯ ಮೇಲೆ ಕಾವಲು ಕೂತಿದ್ದೆವು. ಅವಳು ಹಾಗೆಯೇ ಹೇಳಿದಳು. ಕಥೆ ಸಪ್ಪೆಯಾಯಿತು. ಒಬ್ಬೊಬ್ಬರಾಗಿ ಹೋಗುವುದನ್ನು ಬಿಟ್ಟೆವು.

ಮದುವೆಯಾಗಿ ದಿಂಡಿಗಲ್ ಸೇರಿದ ಮೇಲೆ, ಮಗ ಚಿಕ್ಕವನಿದ್ದಾಗ, ಅದೇ ಚಿತ್ರ ತಮಿಳಿನಲ್ಲಿ ಬಂತು. ಬೀಗದ ಅಂಗಡಿಯಿಂದ ಗಂಡ ಬರುವವರೆಗೆ ಮಗನ ಜೊತೆ ಕೂತು ಮೊದಲಿಂದ ಕೊನೆವರೆಗೆ ನೋಡಿದೆ. ಚಿಕ್ಕಪ್ಪನ ಮಗ ಹೇಳಿದ್ದೇ ನಿಜ. ಹುಡುಗ ಒಳ್ಳೆಯವನು, ಅದಕ್ಕೆ ಎಲ್ಲರೂ ಅವನಿಗೆ ಕೊಡುತ್ತಾರೆ. ಆದರೆ ಮೊದಲ ಊರಿಗೆ ಬಂದವನು ಹೇಗಿದ್ದನೋ ಕೊನೆಯ ಊರಿಗೂ ಹಾಗೆಯೇ ಬರುತ್ತಾನೆ. ಬುಟ್ಟಿ ತುಂಬುತ್ತದೆ, ಅವನು ತುಂಬುವುದಿಲ್ಲ. ಯಾವ ಪ್ರಾಣಿ ಯಾವುದಕ್ಕೆ ಹೆದರುತ್ತದೆ ಎಂಬುದನ್ನೂ ಅವನು ಕಲಿತಿಲ್ಲ, ಕಲಿಯುವಷ್ಟು ಹೊತ್ತು ಯಾರೂ ಅವನನ್ನು ಸೋಲಲು ಬಿಟ್ಟಿಲ್ಲ. ಕೊನೆಯ ದೊಡ್ಡ ಪಂದ್ಯದಲ್ಲಿ ಕಷ್ಟ ಬಂದಾಗ ಅವನು ಅತ್ತಿತ್ತ ನೋಡುತ್ತಾನೆ, ಯಾರಾದರೂ ಬಂದು ಕೊಡುತ್ತಾರೇನೋ ಎನ್ನುವ ಹಾಗೆ. ಶಾಲೆಯಲ್ಲಿ ಗೋಡೆಗೆ ಆತು ನಿಲ್ಲುತ್ತಿದ್ದ ಸಣ್ಣಿ ನೋಡುತ್ತಿದ್ದದ್ದು ಹೀಗೆಯೇ. ಅತ್ತೆಯ ಸುಳ್ಳು ಕಥೆಯ ಹುಡುಗನೇ ವಾಸಿ. ಸೋತು ಸೋತು ಅವನಿಗೊಂದು ಗುಣ ಬಂದಿತ್ತು, ಅವನಿಗಾಗಿ ನಾವು ಊಟ ಬಿಟ್ಟು ಕಾಯುತ್ತಿದ್ದೆವು.

ಮುಂದಿನ ಸಲ ಊರಿಗೆ ಹೋದಾಗ ಇದನ್ನು ಅತ್ತೆಗೆ ಹೇಳಬೇಕು ಎಂದುಕೊಂಡಿದ್ದೆ. ಹೋದಾಗಲೆಲ್ಲ ಬೇರೆ ಮಾತು ಬಂತು, ಮದುವೆ, ದ್ರಾಕ್ಷಿ ತೋಟದ ರೇಟು, ಅವಳ ಮಂಡಿನೋವು... ಹೇಳಲೇ ಇಲ್ಲ.

ತೇವಾರಂ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕಾರ್ಯವೆಲ್ಲ ಮುಗಿದಿತ್ತು. ಸಣ್ಣಿ ಮನೆ ಗುಡಿಸಿ ತೊಳೆದು ಕೂತಿದ್ದಳು. ಬಂದವರೆಲ್ಲ ಅವಳ ತಲೆ ಸವರಿ, ಅಪ್ಪನೂ ಇಲ್ಲ ಅವ್ವನೂ ಇಲ್ಲ, ಪಾವಂ, ಎಂದು ಹೋಗಿದ್ದರು. ನಾನೂ ಅದನ್ನೇ ಅಂದೆ, ಇನ್ನೇನು ಹೇಳಲು ಬರುತ್ತದೆ? ಅಟ್ಟದ ಸಾಮಾನು ಇಳಿಸುವಾಗ ಅಳಗುಳಿಮಣೆ ಸಿಕ್ಕಿತು. ಬಿಸಾಡಿದ್ದಾಗ ಸೀಳಿದ ಮೂಲೆಗೆ ಅತ್ತೆ ತಗಡಿನ ಪಟ್ಟಿ ಹೊಡೆಸಿದ್ದಳು. ಒಂದಾಟ ಆಡೋಣ ಎಂದು ಸಣ್ಣಿಯೇ ಕರೆದಳು. ಸಾವಿನ ಮನೆಯಲ್ಲಿ ಆಟವೇ ಎಂದು ಒಳಗಿನಿಂದ ಯಾರೋ ಮುದುಕಿ ಗೊಣಗಿದಳು.

ಆಡುತ್ತಾ ಆಡುತ್ತಾ ಸಣ್ಣಿಯ ಮುಖ ನೋಡಿದೆ. ಅವಳು ಅತ್ತಿರಲಿಲ್ಲ, ಆ ಮುಖ ನೋಡುವುದು ಕಷ್ಟವಾಯಿತು. ಕೈ ತನ್ನಷ್ಟಕ್ಕೆ ತಪ್ಪು ಗುಳಿಗೆ ಹೋಯಿತು.

ಅವಳು ನನ್ನ ಮಣಿಕಟ್ಟು ಹಿಡಿದಳು. "ಅಕ್ಕಾ, ಪಕ್ಕದ ಗುಳೀಲಿ ಎತ್ತಿದ್ರೆ ಎಲ್ಲಾ ನಿಂಗೇ ಬರ್ತಿತ್ತು. ನಮ್ಮವ್ವ ಹೋದ್ಲು ಅಂತ ಬುಟ್ಕೊಡ್ತೀಯಾ? ಬುಡ್ಬ್ಯಾಡ," ಎಂದಳು.

ನನ್ನ ಕೈಯಲ್ಲಿದ್ದ ಬೀಜವನ್ನು ಅವಳೇ ಬಿಡಿಸಿ ವಾಪಸು ಹಾಕಿದಳು. ಮಣೆ ನೋಡಿ ಆಡಿದೆ. ಅವಳೂ ಸರಿಯಾಗಿಯೇ ಆಡಿದಳು, ಆದರೂ ಕೊನೆಗೆ ನಾನೇ ಗೆದ್ದೆ. ಸಣ್ಣಿ ಖಾಲಿ ಗುಳಿಗಳನ್ನು ನೋಡುತ್ತ ಕೂತಳು. ಆಮೇಲೆ ಅತ್ತಳು. ಅವ್ವ ಹೋದಾಗಿನಿಂದ ಅದೇ ಮೊದಲಂತೆ. ನನಗೂ ತಡೆಯಲಾಗಲಿಲ್ಲ.

ಬ್ಯಾಗಿನ ತಳದಿಂದ ಪೊಟ್ಟಣ ತೆಗೆದು ಮಣೆಯ ಮೇಲೆ ಬಿಚ್ಚಿದೆ. ಸೆಕೆಗೆ ಬೆಲ್ಲ ಕರಗಿ ಕಡಲೆಗೆ ಅಂಟಿತ್ತು. ಸಣ್ಣಿ ಅದನ್ನು ನೋಡಿ, ನನ್ನನ್ನು ನೋಡಿ, ಸೆರಗಿನಲ್ಲಿ ಮೂಗೊರೆಸಿಕೊಂಡಳು. ಈ ಸಲ ತಳ್ಳಲಿಲ್ಲ. ಹಂಚುವವಳು ಇರಲಿಲ್ಲ, ನಾವೇ ಕೈ ಹಾಕಿ ತೆಗೆದುಕೊಂಡೆವು.