ಬಾಚಣಿಗೆಯ ಬೆನ್ನಿನ ಬಳ್ಳಿ

ನಮ್ಮ ಯಜಮಾನರು ಮರದ ಬಾಚಣಿಗೆ ಮಾಡುತ್ತಿದ್ದರು. ಅವರಪ್ಪನೂ ಅದನ್ನೇ ಮಾಡಿದವರು, ಅವರಪ್ಪನ ಅಪ್ಪನೂ ಅದನ್ನೇ. ಇವರಿಗೆ ಮಾತ್ರ ಮದುವೆಯಾದ ಹೊಸದರಲ್ಲೇ ತಲೆ ಬೋಳಾಯಿತು. ಊರಿಗೆಲ್ಲ ಬಾಚಣಿಗೆ, ತನಗೆ ಬೋಳುತಲೆ ಅಂತ ಪಕ್ಕದಂಗಡಿ ದರ್ಜಿ ಆಡಿಕೊಳ್ಳುತ್ತಿದ್ದ. ಇವರು ತಲೆ ಎತ್ತದೆ, ಮೊದಲು ನಿನ್ನ ಅಂಗಿಗೆ ಗುಂಡಿ ಹೊಲಿದುಕೋ ಅನ್ನುತ್ತಿದ್ದರು. ದಿನಾ ಅದೇ ಮಾತು, ದಿನಾ ಅದೇ ನಗು. ಇವರು ಹೋದ ದಿನ ದರ್ಜಿ ಬಂದು ಬಾಗಿಲಲ್ಲಿ ನಿಂತ. ಆವತ್ತೂ ಅವನ ಅಂಗಿಗೆ ಗುಂಡಿ ಇರಲಿಲ್ಲ.

ಮುಂದಿನ ಕೋಣೆಯೇ ಕೆಲಸದ ಕೋಣೆ. ಕಿಟಕಿ ಕೆಳಗೆ ಗಿಡ್ಡ ಬೆಂಚು. ಅವರು ಗರಗಸದಲ್ಲಿ ಹಲ್ಲು ಬಿಡಿಸಿ ಕೊಡುವರು. ನಾನು ಹಲ್ಲಿನ ಸಂದಿಗೆ ಮರಳು ಕಾಗದ ತೂರಿಸಿ ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಒರೆಸುವೆ. ಆಮೇಲೆ ನನ್ನ ಕೂದಲಲ್ಲಿ ಒಂದು ಸಲ ಎಳೆಯಬೇಕು. ಸಿಕ್ಕಿಕೊಂಡರೆ ವಾಪಸ್ಸು. ನಿನ್ನ ಜಡೆಯೇ ನನ್ನ ಇನ್ಸ್‌ಪೆಕ್ಟರು ಅನ್ನೋರು.

ಮಾರುವ ಬಾಚಣಿಗೆಗೆ ಚಿತ್ತಾರ ಇಲ್ಲ. ಮನೆಗೆ ಬರುವ ಸೊಸೆಯ ಬಾಚಣಿಗೆಗೆ ಮಾತ್ರ ಬೆನ್ನಿನ ಮೇಲೆ ಒಂದು ಬಳ್ಳಿ. ಮದುವೆಗೆ ಗಂಡನೇ ಕೊರೆದು ಕೊಡಬೇಕು. ತುದಿಯ ಎಲೆಯನ್ನು ಮಾತ್ರ ಆಗ ಕೊರೆಯುವ ಹಾಗಿಲ್ಲ. ಹೆಂಡತಿ ಅದರಲ್ಲಿ ಒಂದು ವರ್ಷ ತಲೆ ಬಾಚಬೇಕು. ಮರ ಅವಳ ತಲೆಯ ಎಣ್ಣೆ ಕುಡಿದು ಕಪ್ಪಾಗಬೇಕು. ಆಮೇಲೆ ಉಳಿ ಇಟ್ಟು ತುದಿ ಎಲೆ ಬಿಡಿಸಿದರೆ ಬಾಚಣಿಗೆ ಮುಗಿಯಿತು. ಆ ಎಲೆಯನ್ನು ಯಾರೂ ಕಾಗದದ ಮೇಲೆ ಬರೆದಿಟ್ಟಿಲ್ಲ. ಅಪ್ಪನ ಕೈ ನೋಡಿ ಮಗ ಕಲಿಯಬೇಕು. ಹೆಂಗಸು ಸತ್ತರೆ ಬಾಚಣಿಗೆಯೂ ಅವಳ ಜೊತೆ ಹೋಗುತ್ತದೆ. ನಮ್ಮತ್ತೆಯದು ಹಾಗೇ ಹೋಯಿತು.

ನನ್ನ ಬಾಚಣಿಗೆಗೆ ತುದಿ ಎಲೆ ಇಲ್ಲ.

ವರ್ಷ ತುಂಬಿದಾಗ ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದೆ. ವಾಪಸ್ಸು ಬಂದಾಗ ಅವರಿಗೆ ಕೈತುಂಬ ಕೆಲಸ. ಆಮೇಲೆ ಮಾವ ತೀರಿಕೊಂಡರು. ಆಮೇಲೆ ಕೇಳಿದಾಗಲೆಲ್ಲ ನಾಳೆ ಅಂದರು. ಕೊನೆಕೊನೆಗೆ ಅದೇ ಒಂದು ತಮಾಷೆ ಆಯಿತು. ಇಬ್ಬರೇ ಇದ್ದಾಗ ಸಿಟ್ಟು ಬಂದರೆ ನಾನು, ಒಂದು ಎಲೆ ಕೊರೆಯೋ ಯೋಗ್ಯತೆ ಇಲ್ಲ ಅಂತ ಚುಚ್ಚುತ್ತಿದ್ದೆ. ಅದೊಂದು ಬಾಕಿ ಇರಲಿ ಬಿಡೇ, ಮುಗಿದರೆ ನಿನಗೆ ನನ್ನ ಹತ್ರ ಏನು ಕೆಲಸ ಅನ್ನುತ್ತಿದ್ದರು.

ಮಗ ಬಸ್ಸಿನ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದ. ಮರದ ಕೆಲಸ ರಜೆಯ ದಿನ ಮಾತ್ರ. ಅವನ ಮದುವೆಗೆ ಅಪ್ಪ ಪಕ್ಕದಲ್ಲಿ ಕೂತು ಬಳ್ಳಿ ಹೇಳಿಕೊಟ್ಟರು. ತುದಿ ಎಲೆ ವರ್ಷ ಕಳೆದ ಮೇಲೆ ತೋರಿಸ್ತೀನಿ ಅಂದರು. ವರ್ಷ ತುಂಬುವ ಮೊದಲೇ ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೂತವರು ಹಾಗೇ ವಾಲಿದರು. ಅಷ್ಟೇ.

ಸೊಸೆಯ ಬಾಚಣಿಗೆ ಎಣ್ಣೆ ಕುಡಿದು ಕಪ್ಪಾಯಿತು. ಮಗ ನನ್ನ ಬಾಚಣಿಗೆ ಕೇಳಿದ, ನೋಡಿ ಕೊರೆಯೋಣ ಅಂತ. ತಗೊಂಡು ತಿರುಗಿಸಿ ನೋಡಿ ಕೈಲಿದ್ದ ಉಳಿ ಕೆಳಗಿಟ್ಟ. ನನ್ನದಕ್ಕೂ ತುದಿ ಎಲೆ ಇಲ್ಲ ಅಂತ ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಯಾವುದೋ ಒಂದು ಎಲೆ ಹಾಕಿಬಿಡಿ, ಯಾರು ನೋಡ್ತಾರೆ ಅಂದಳು ಸೊಸೆ. ಒಳ್ಳೆಯ ಮನಸ್ಸಿನಿಂದಲೇ ಅಂದಳು. ಮಗ ಮುಖ ತಿರುಗಿಸಿದ.

ಅತ್ತೆ ಹಾಸಿಗೆ ಹಿಡಿದಾಗ ಅವರ ತಲೆ ಬಾಚುತ್ತಿದ್ದವಳು ನಾನು. ಅವರ ಬಾಚಣಿಗೆ ಹಿಡಿದರೆ ನನ್ನ ಹೆಬ್ಬೆರಳು ಸರಿಯಾಗಿ ಆ ಎಲೆಯ ಮೇಲೆ ಕೂರುತ್ತಿತ್ತು. ಕಣ್ಣಿಗೆ ಅದು ನೆನಪಿಲ್ಲ. ಬೆರಳಿಗೆ ಇದೆ. ಮಗನಿಗೆ ಹೇಳಿದೆ. ಅವನು ಒಡೆದ ಹಲಗೆಯ ಚೂರು ತಗೊಂಡು ಒಂದು ಎಲೆ ಕೊರೆದ. ನಾನು ಕಣ್ಣು ಮುಚ್ಚಿ ಮುಟ್ಟಿದೆ. ಅಲ್ಲ. ತುದಿ ಒಳಗೆ ಮಡಚಬೇಕು ಅಂದೆ. ಮಡಚಿದ. ಅಲ್ಲ. ನಡುವಿನ ನರ ಆಳ ಆಯಿತು. ಬಿಸಿಲು ಬೆಂಚು ದಾಟಿ ಗೋಡೆಗೆ ಹೋಯಿತು. ನೀನು ಅಪ್ಪನಿಗಿಂತ ಕಷ್ಟದವಳು ಕಣಮ್ಮ ಅಂದ. ಮತ್ತೆ ಕೊರೆದ. ಹೆಬ್ಬೆರಳು ಇಟ್ಟೆ. ಕೂತಿತು.

ನನಗೆ ಕೈ ತೆಗೆಯಲು ಆಗಲಿಲ್ಲ. ಸೊಸೆ ನೀರು ತಂದುಕೊಟ್ಟಳು.

ಅವಳ ಬಾಚಣಿಗೆಗೆ ಅವನು ಅದೇ ಎಲೆ ಕೊರೆದ. ಚೆನ್ನಾಗಿ ಬಂತು. ಆಮೇಲೆ ಉಳಿ ಒರೆಸುತ್ತಾ ನನ್ನ ಕಡೆ ಕೈ ಚಾಚಿದ.

"ನಿಂದೂ ಕೊಡಮ್ಮ. ಕೈ ಕೂತಿದೆ, ಈಗಲೇ ಮಾಡಿಬಿಡ್ತೀನಿ."

"ಬೇಡ."

"ಅಪ್ಪ ಮಾಡಬೇಕಾಗಿದ್ದನ್ನ ಮಗ ಮಾಡಿದ್ರೆ ತಪ್ಪೇನು?"

"ತಪ್ಪಿಲ್ಲ ಕಣೋ. ನೀನು ಮಾಡಿದ್ರೆ ಮುಗಿದುಹೋಗುತ್ತೆ."

ಅವನು ಉಳಿ ಎತ್ತಿಟ್ಟ. ಬೆಂಚಿನ ಮೇಲಿನ ಹೊಟ್ಟು ಗುಡಿಸಿದ.

ಬೆಳಿಗ್ಗೆ ಕಿಟಕಿ ಹತ್ತಿರ ಕೂತು ತಲೆ ಬಾಚಿಕೊಳ್ಳುತ್ತೇನೆ. ಹೆಬ್ಬೆರಳು ಖಾಲಿ ಜಾಗದ ಮೇಲೆ ಇರುತ್ತದೆ. ಜಡೆ ಇಲಿಬಾಲ ಆಗಿದೆ, ನಾಲ್ಕು ಸಲ ಎಳೆದರೆ ಮುಗಿಯುವಂಥದ್ದು. ಇಷ್ಟು ಹೊತ್ತು ಏನು ಮಾಡ್ತೀರಿ ಅತ್ತೆ ಅಂತ ಸೊಸೆ ಒಳಗಿಂದ ಕೇಳುತ್ತಾಳೆ. ಬಂದೆ ಅನ್ನುತ್ತೇನೆ. ಏಳುವುದಿಲ್ಲ.