ಚಿಕ್ಕತಾಯಮ್ಮನ ಬಲಗಾಲು

ಕಳೆದ ಶನಿವಾರ ಬೆಳಿಗ್ಗೆ, ಮೂವತ್ತು ಜನರ ಎದುರಿಗೆ, ಮಂಡ್ಯದಿಂದ ಬಂದಿದ್ದ ಹುಡುಗಿಯೊಬ್ಬಳು ನನ್ನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ನಾನು ಬಿಸಿ ತಾಗಿದವಳ ಹಾಗೆ ಕಾಲು ಎಳೆದುಕೊಂಡೆ. ಆಮೇಲೆ ಅವಳ ತೊಡೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅವಳು ಗಾಬರಿಯಾಗಿ ನನ್ನ ಪಾದ ಮುಟ್ಟಿ ತಾನೂ ಕಣ್ಣಿಗೊತ್ತಿಕೊಂಡಳು.

ಇದ್ಯಾವ ಮದುವೆಮನೆ ಅಂತ ಕೇಳಬೇಡಿ. ಅದೊಂದು ವರ್ಕ್‌ಶಾಪ್. ನಾನು ಫಿಸಿಯೋಥೆರಪಿಸ್ಟ್ ಅನ್ನೋದು ನಿಮಗೆ ಗೊತ್ತೇ ಇದೆ (ವಾರ ವಾರ ಈ ಅಂಕಣದಲ್ಲಿ ನಿಮ್ಮ ಮಂಡಿ, ಸೊಂಟಗಳ ಬಗ್ಗೆ ಕೊರೆಯುವವಳಲ್ಲವೇ). ಪಾದ ಮತ್ತು ಆಂಕಲ್ ತೊಂದರೆಗಳಿಗೆ ಮೆಷಿನ್ ಇಲ್ಲದೆ, ಬರೀ ಕೈಯಿಂದ ಚಿಕಿತ್ಸೆ ಮಾಡುವುದು ಹೇಗೆ ಅಂತ ನಮ್ಮಂಥವರಿಗೆ ಎರಡು ದಿನ ಕಲಿಸಿದರು. ಒಬ್ಬರು ಟೇಬಲ್ ಮೇಲೆ ಕೂರಬೇಕು. ಇನ್ನೊಬ್ಬರು ಸ್ಟೂಲ್ ಮೇಲೆ ಕೂತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕೀಲನ್ನು ಹಿಡಿದು ನೋಡಬೇಕು. ಆಮೇಲೆ ಅದಲುಬದಲು.

ಹೇಳುವುದು ಸುಲಭ. ಹಾಲ್ ತುಂಬ ಬರೀ ನಮಸ್ಕಾರವೇ ನಡೆಯುತ್ತಿತ್ತು. ಹಿರಿಯರ ತೊಡೆಗೆ ಕಾಲು ತಾಗಿತು ಅಂತ ಕಿರಿಯರು, ಹೆಣ್ಣುಮಗಳ ತೊಡೆಗೆ ತಾಗಿತು ಅಂತ ಗಂಡಸರು, ಸಾರಿ ಸಾರಿ ಅನ್ನುವವರು ಬೇರೆ.

ಕಲಿಸಲು ಬಂದಿದ್ದ ಮೇಷ್ಟ್ರಿಗೆ ಅರವತ್ತು ದಾಟಿತ್ತು. ಕೈಕಟ್ಟಿ ನಿಂತು ನೋಡಿದರು.

‘ಯಾವ ಊರಿಗೆ ಹೋದ್ರೂ ಮೊದಲ ಅರ್ಧ ಗಂಟೆ ನಮಸ್ಕಾರಕ್ಕೇ ಹೋಗುತ್ತೆ ಕಣ್ರೀ. ಅದಕ್ಕೇ ಟೈಮ್‌ಟೇಬಲ್‌ನಲ್ಲೇ ಸೇರಿಸಿಬಿಟ್ಟಿದ್ದೀನಿ’ ಅಂದರು. ಎಲ್ಲರೂ ನಕ್ಕೆವು.

‘ಸರಿ, ಪೇಶೆಂಟ್ ಹೀಗೆ ಕಾಲು ಎಳ್ಕೊಂಡಾಗ ನೀವು ಏನು ಮಾಡ್ತೀರಿ?’

ಹಿಂದಿನಿಂದ ಯಾರೋ, ‘ಪರವಾಗಿಲ್ಲ ಅಂತೀವಿ ಸರ್’ ಅಂದರು.

‘ಆಮೇಲೆ?’

‘ಮೆಷಿನ್ ಹಾಕ್ತೀವಿ.’

ಮತ್ತೆ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನಗೆ ಚಿಕ್ಕತಾಯಮ್ಮ ನೆನಪಾದಳು.

ಚಿಕ್ಕತಾಯಮ್ಮ ಬನ್ನಿಮಂಟಪದ ನಮ್ಮ ಮನೆಗೆ ಹದಿನೈದು ವರ್ಷದಿಂದ ಕೆಲಸಕ್ಕೆ ಬರುತ್ತಾಳೆ. ಕೆಸರೆಯಿಂದ ನಡೆದೇ ಬರುತ್ತಾಳೆ. ಎರಡು ವರ್ಷದ ಹಿಂದೆ ನಮ್ಮ ಮನೆಯ ಮೆಟ್ಟಿಲು ತೊಳೆಯುವಾಗ ಜಾರಿ ಬಲಗಾಲು ಉಳುಕಿಸಿಕೊಂಡಳು. ಆಂಕಲ್ ಬನ್ನಿನ ಹಾಗೆ ಊದಿಕೊಂಡಿತು. ಎಕ್ಸ್‌ರೇ ತೆಗೆಸಿದೆ, ಮೂಳೆ ಮುರಿದಿರಲಿಲ್ಲ. ಐಸ್ ಇಡಿಸಿದೆ. ಕ್ರೇಪ್ ಬ್ಯಾಂಡೇಜ್ ತಂದುಕೊಟ್ಟು, ಸುತ್ತಿಕೊಳ್ಳುವುದು ಹೇಗೆ ಅಂತ ನನ್ನ ಕಾಲಿಗೆ ಸುತ್ತಿ ತೋರಿಸಿದೆ. ಓದಲು ಬರುವುದಿಲ್ಲ ಅಂತ ವ್ಯಾಯಾಮಗಳನ್ನು ಚಿತ್ರ ಬರೆದು ಕೊಟ್ಟೆ. ಎಲ್ಲ ಮಾಡಿದೆ.

ಕಾಲನ್ನು ಮಾತ್ರ ಮುಟ್ಟಲಿಲ್ಲ.

ಮುಟ್ಟಲು ಬಗ್ಗಿದ್ದು ನಿಜ. ಅವಳು ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು. ‘ಬುಡಿ ಅಕ್ಕ, ನನ್ ಕಾಲ್ನ ನೀವು ಮುಟ್ಟೋದಾ? ಪಾಪ ಸುತ್ಕತದೆ. ಅದೇ ವಾಸಿಯಾಯ್ತದೆ’ ಅಂದಳು. ಮಾರನೇ ದಿನ ಇನ್ನೊಂದು ಸಲ ಕೇಳಿದೆ. ಮತ್ತೆ ‘ಬುಡಿ’ ಅಂದಳು. ಮೂರನೇ ಸಲ ನಾನು ಕೇಳಲೇ ಇಲ್ಲ.

ಅವಳ ಸಂಕೋಚಕ್ಕೆ ಮರ್ಯಾದೆ ಕೊಟ್ಟೆ ಅಂದುಕೊಂಡಿದ್ದೆ. ಶುದ್ಧ ಸುಳ್ಳು. ಆ ಒಡೆದ ಹಿಮ್ಮಡಿ, ಮನೆಕೆಲಸದವಳ ಪಾದ, ನನ್ನ ಮಡಿಲಲ್ಲಿ? ಬೇಡ ಅಂದದ್ದು ಅವಳು. ಒಳಗೊಳಗೇ ಹಗುರಾದದ್ದು ನಾನು.

ಮನೆಗೆ ಬಂದ ನೆಂಟರು ಕಾಫಿ ಬೇಡ ಅಂದರೆ ನಾವು ಬಿಡುತ್ತೇವೆಯೇ? ಅರ್ಧ ಲೋಟ ಆದರೂ ಅನ್ನುತ್ತೇವೆ, ಆಣೆ ಹಾಕುತ್ತೇವೆ, ಕೊನೆಗೆ ಕೈಗೇ ಕೊಟ್ಟುಬಿಡುತ್ತೇವೆ. ಕೆಲಸದವಳು ಕುರ್ಚಿ ಬೇಡ ಅಂದರೆ ಮಾತ್ರ ಒಂದೇ ಸಲಕ್ಕೆ ನಂಬುತ್ತೇವೆ. ಯಾರ ‘ಬೇಡ’ವನ್ನು ಎಷ್ಟು ಸಲ ಕೇಳಬೇಕು ಅನ್ನುವುದನ್ನು ನಮಗೆ ಯಾರು ಕಲಿಸಿಕೊಟ್ಟರೋ ಗೊತ್ತಿಲ್ಲ, ಚೆನ್ನಾಗಿಯೇ ಕಲಿತಿದ್ದೇವೆ.

ಊತ ಇಳಿಯಿತು. ಕೀಲು ಬಿಗಿಯಿತು. ಕುಕ್ಕುರುಗಾಲಲ್ಲಿ ಕೂತಾಗ ಅವಳ ಬಲ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಅದನ್ನು ನಾನು ನೋಡಿದ್ದೆ. ಸ್ವಲ್ಪ ದಿನಕ್ಕೆ ಕೂರುವುದೇ ನಿಂತಿತು. ಪಾತ್ರೆ ಉಜ್ಜಲು ಒಂದು ಪ್ಲಾಸ್ಟಿಕ್ ಸ್ಟೂಲ್ ತಂದುಕೊಟ್ಟೆ (ತಂದುಕೊಟ್ಟು ಬೀಗಿದೆ ಕೂಡ). ಅವಳು ಕೆಲಸಕ್ಕೆ ಹೋಗುತ್ತಿದ್ದ ಪಕ್ಕದ ಮನೆಯವರಿಗೆ ನೆಲ ಕೂತೇ ಒರೆಸಬೇಕಿತ್ತು, ಅವರು ಬೇರೆಯವರನ್ನು ಇಟ್ಟುಕೊಂಡರು. ಕ್ಲಿನಿಕ್‌ನ ಬಾಗಿಲಲ್ಲಿ ನಡೆದು ಬರುವವರ ಹೆಜ್ಜೆ ನೋಡಿಯೇ ಯಾವ ಕೀಲು ಕೆಟ್ಟಿದೆ ಅಂತ ಹೇಳುವವಳು ನಾನು. ಎರಡು ವರ್ಷ ನನ್ನ ಅಡುಗೆಮನೆಯಲ್ಲೇ ಓಡಾಡುತ್ತಿದ್ದ ಕುಂಟು ನನಗೆ ಅಭ್ಯಾಸವಾಗಿಹೋಗಿತ್ತು.

ಮೊನ್ನೆ ಬುಧವಾರ ಅವಳು ಬಂದ ಕೂಡಲೇ ಕುರ್ಚಿ ಎಳೆದು, ‘ಕೂತ್ಕೊಳಮ್ಮ’ ಅಂದೆ.

ಅವಳ ಮುಖ ಸಣ್ಣಗಾಯಿತು. ‘ಯಾಕಕ್ಕ, ನನ್ನಿಂದ ಏನಾರ ತಪ್ಪಾಯ್ತಾ?’

ಕುರ್ಚಿ ಕೊಟ್ಟರೆ ಕೆಲಸ ಬಿಡಿಸುತ್ತಾರೆ ಅಂದುಕೊಂಡಳಲ್ಲ, ಹದಿನೈದು ವರ್ಷದಲ್ಲಿ ನಾನು ಸಂಪಾದಿಸಿದ ನಂಬಿಕೆ ಇಷ್ಟು.

ನೆಲದ ಮೇಲೆ ಕೂತು ‘ಕಾಲು ಕೊಡು’ ಅಂದೆ. ‘ಬುಡಿ ಅಕ್ಕ’ ಅಂದಳು. ಬಿಡಲಿಲ್ಲ. ಮೂರು ಸಲ ಬೇಡ ಅಂದಳು, ನಾಲ್ಕನೇ ಸಲ ಕಾಲು ಚಾಚಿದಳು. ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಮೊದಲು ಭಾರ ಬಿಡದೆ ತನ್ನ ಕಾಲನ್ನು ತಾನೇ ಎತ್ತಿ ಹಿಡಿದಿದ್ದಳು. ಪಾದ ಭಾರ ಬಿಡುವವರೆಗೂ ಕಾಯಿರಿ, ಅಲ್ಲಿಯತನಕ ಏನೂ ಮಾಡಬೇಡಿ ಅಂದಿದ್ದರು ಮೇಷ್ಟ್ರು. ಕಾದೆ. ನಿಧಾನಕ್ಕೆ ಭಾರ ನನ್ನ ಕೈಗೆ ಬಂತು.

ಅದರ ಜೊತೆಗೇ ಮಾತೂ ಬಂತು. ‘ಮನೇಲಿ ಕಕ್ಕಸ್ಗೆ ಕೂರೋದೇ ಒಂದ್ ಪಾಡು ಅಕ್ಕ. ಮಗ್ಳು ಕೈ ಕೊಟ್ಟು ಎಬ್ಬುಸ್ಬೇಕು. ನಾಚ್ಕೆ ಆಯ್ತದೆ’ ಅಂದಳು. ಎರಡು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಹೋಲಿಸಿ ನೋಡಲು ಎಡಗಾಲನ್ನೂ ಹಿಡಿದೆ. ಅದರ ಕೀಲನ್ನು ಹಿಂದಕ್ಕೆ ಒತ್ತಿದರೆ ಬೆಣ್ಣೆಯ ಹಾಗೆ ಸರಿಯುತ್ತಿತ್ತು. ಬಲಗಾಲಿನದು ಸ್ವಲ್ಪ ಸರಿದು ಗಟ್ಟಿಯಾಗಿ ನಿಂತಿತು. ಇನ್ನೊಮ್ಮೆ ಒತ್ತಿದೆ. ಅಲ್ಲೇ ನಿಂತಿತು. ಇಂಥದ್ದು ಒಂದಿಷ್ಟು ಸಡಿಲವಾಗುತ್ತದೆ, ಪೂರ್ತಿ ಆಗುವುದಿಲ್ಲ. ಮೊದಲ ತಿಂಗಳಲ್ಲೇ ಕೈ ಹಾಕಿದ್ದರೆ ಆ ಮಾತೇ ಬೇರೆ. ನನಗೆ ಅಳು ಬಂತು, ತಲೆ ಬಗ್ಗಿಸಿಕೊಂಡೇ ಇದ್ದೆ.

ಚಿಕ್ಕತಾಯಮ್ಮನ ದನಿಯಲ್ಲಿ ದೂರು ಇರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ‘ಅವತ್ತೇ ಇಂಗೆ ಇಡ್ಕೊಂಡಿದ್ರೆ ಸರಿಯಾಗೋದಾ ಅಕ್ಕ?’

ಗೊತ್ತಿಲ್ಲ ಕಣಮ್ಮ, ಅಂದೆ.

ಗೊತ್ತಿತ್ತು.