ತಲುಪಿದ ಮೇಲೆ ಒಂದು ರಿಂಗು

ಫೋನು ಒಂದೇ ಒಂದು ಸಲ ಬಡಿದುಕೊಂಡು ಸುಮ್ಮನಾಗುವ ಸದ್ದನ್ನು ನೀವು ಈಚೆಗೆ ಕೇಳಿರಲಾರಿರಿ. ಮಾತು ಹೆಚ್ಚುಕಡಿಮೆ ಪುಕ್ಕಟೆಯಾದ ಈ ಕಾಲದಲ್ಲಿ ಮಿಸ್ಡ್ ಕಾಲ್ ಕೊಡುವ ಕಲೆ ಲಾಟೀನಿನ ಗಾಜು ಒರೆಸುವ ಕಲೆಯ ಹಾಗೆ ಕಣ್ಮರೆಯಾಗಿದೆ. ಲಿಂಗರಾಜಪುರದ ನಮ್ಮ ಮನೆಯಲ್ಲಿ ಮಾತ್ರ ಅದಕ್ಕಿನ್ನೂ ಪೂರ್ಣಾಯುಷ್ಯ. ಪ್ರತಿ ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಪ್ರಾಣ ಅದರ ಕೈಯಲ್ಲಿರುತ್ತದೆ.

ಬುಧವಾರ ನಮ್ಮಪ್ಪ ಶಿವಾಜಿನಗರಕ್ಕೆ ಹೋಗುವ ದಿನ. ಲಿಂಗರಾಜಪುರ ಇನ್ನೂ ಹಳ್ಳಿಯಾಗಿದ್ದಾಗ ಸೊಪ್ಪು ಬೆಳೆದು ಶಿವಾಜಿನಗರದ ಮಾರುಕಟ್ಟೆಗೆ ತಲೆಯ ಮೇಲೆ ಹೊತ್ತವರು ಅವರು. ಸೊಪ್ಪಿನ ಮಡಿಗಳ ಮೇಲೆ ಈಗ ನಾಲ್ಕಂತಸ್ತಿನ ಮನೆಗಳು ನಿಂತಿವೆಯಾದರೂ, ಮಾರುಕಟ್ಟೆಯ ಹಿಂದೆ ಗಡಿಯಾರ ರಿಪೇರಿ ಮಾಡುವ ಬಷೀರ್ ಸಾಹೇಬರ ಸ್ನೇಹ ಬಾಡದೆ ಉಳಿದಿದೆ. ಸಾಹೇಬರಿಗೆ ಕನ್ನಡ ಮಾತಾಡುವುದು ನೀರು ಕುಡಿದಷ್ಟು ಸಲೀಸು, ಓದಲು ಮಾತ್ರ ಬಾರದು. ಅಪ್ಪ ವಾರದ ಪತ್ರಿಕೆಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಸಾಹೇಬರು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು, ಗಡಿಯಾರದ ಹೊಟ್ಟೆ ಬಗೆಯುತ್ತಲೇ ಸರ್ಕಾರವನ್ನು ಬೈಯುತ್ತಾರೆ.

ಕೆಲವು ತಿಂಗಳ ಹಿಂದೆ ಬಸ್ ನಿಲ್ದಾಣದಲ್ಲಿ ಅಪ್ಪ ತಲೆ ಸುತ್ತಿ ಕುಸಿದು ಕೂತರು. ಯಾರೋ ಪುಣ್ಯಾತ್ಮರು ನೀರು ಕುಡಿಸಿ ಆಟೋ ಹತ್ತಿಸಿದರು. ಡಾಕ್ಟರು ವಯಸ್ಸಿನ ಮೇಲೆ ಹಾಕಿ ಮಾತ್ರೆ ಬರೆದುಕೊಟ್ಟರು. ನಾನೋ, ಹಗ್ಗವಿರಲಿ, ದಾರದ ಎಳೆ ಕಂಡರೂ ಹಾವೆಂದು ಹಾರುವ ಆಸಾಮಿ. ಇನ್ನು ಒಬ್ಬರೇ ಹೊಸ್ತಿಲು ದಾಟಕೂಡದೆಂದು ಶಾಸನ ಹೊರಡಿಸಿಯೇಬಿಟ್ಟೆ. ಅಪ್ಪ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಕೊನೆಗೆ ಸ್ಕೂಲ್ ಟೀಚರ್ ಆದ ನನ್ನ ಹೆಂಡತಿ ಸುಧಾ ಮಧ್ಯೆ ಬಂದು ಪಂಚಾಯಿತಿ ಮಾಡಿದಳು: ಹೋಗಬಹುದು, ಆದರೆ ಸಾಹೇಬರ ಅಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ನನಗೊಂದು ಮಿಸ್ಡ್ ಕಾಲ್. ಒಂದೇ ಒಂದು ವಾರ ತಪ್ಪಿದರೂ ಬುಧವಾರ ಬಂದ್ ಎಂಬ ಷರತ್ತು ಸೇರಿಸಿದವನು ನಾನು.

ಈ ಕರಾರಿನ ಕರಡಿಗೆ ನಾನು ಬಳಸಿದ್ದು ನನ್ನ ಹೊಟ್ಟೆಪಾಡಿನ ವಿದ್ಯೆಯನ್ನೇ. ಕೆ.ಆರ್. ಪುರದ ಕಚೇರಿಯಲ್ಲಿ ನಾನು ಕರ್ನೆಲ್ ಎಂಬುದರ ಜೊತೆ ಏಗುವವನು. ಗಣಕದ ಪರದೆಯ ಮೇಲೆ ಕುಣಿಯುವುದೆಲ್ಲ ಬರೀ ವೇಷ. ಪರದೆಯ ಹಿಂದೆ ನಿಂತು ಯಾರಿಗೆ ಯಾವಾಗ ಸರದಿ, ಯಾರ ಕೈಗೆ ಯಾವ ಸಾಮಾನು ಎಂದು ತೀರ್ಮಾನಿಸುವ ಅದೃಶ್ಯ ಯಜಮಾನನೇ ಕರ್ನೆಲ್. ಕಣ್ಣು ಮಿಟುಕಿಸುವುದರೊಳಗೆ ಸಾವಿರ ಕೆಲಸ ಮುಗಿಸುವ ಈ ಮಹಾಶಯನನ್ನು ಎಲ್ಲಿ ಎಡವಿದೆಯಪ್ಪಾ ಎಂದು ತಡೆದು ಕೇಳುವಂತಿಲ್ಲ. ತಡೆದರೆ ಆ ಹೊತ್ತಿಗೆ ಎಡವುವುದನ್ನೇ ಬಿಟ್ಟುಬಿಡುತ್ತಾನೆ. ಅದಕ್ಕೆಂದೇ ಇರುವುದು ಟ್ರೇಸ್ ಈವೆಂಟು. ಗಣಕಕ್ಕೆ ನಾವು ಬರೆದುಕೊಡುವ ಆಜ್ಞೆಗಳ, ಅಂದರೆ ಕೋಡಿನ, ದಾರಿಯಲ್ಲಿ ಬೇಕಾದ ಕಡೆ ಒಂದು ಸಾಲು ನೆಟ್ಟು, ಇಲ್ಲಿ ಹಾದುಹೋಗುವಾಗ ಒಂದು ಗುರುತು ಬರೆದಿಟ್ಟು ಹೋಗು ಎಂದು ಕೇಳಿಕೊಳ್ಳುವುದು. ಸಿದ್ಧ ಈವೆಂಟುಗಳು ರಾಶಿ ರಾಶಿ ಇವೆ. ಆದರೆ ನಮ್ಮ ಯಂತ್ರದ ಖಾಸಗಿ ಸಂಕಟಕ್ಕೆ ಅಳತೆ ಕೊಟ್ಟು ನಮ್ಮದೇ ಈವೆಂಟು ಹೊಲಿಸಿಕೊಳ್ಳಬೇಕು: ಅದರ ಹೆಸರೇನು, ಯಾವ ಯಾವ ವಿವರ ಎತ್ತಿಡಬೇಕು, ಮನುಷ್ಯರು ಓದುವಾಗ ಅದು ಹೇಗೆ ಕಾಣಬೇಕು, ಎಲ್ಲವನ್ನೂ ಮೊದಲೇ ಗೊತ್ತುಮಾಡಬೇಕು. ವಿವರ ಚಿಕ್ಕದಿದ್ದಷ್ಟೂ ಕ್ಷೇಮ. ಅಪ್ಪನ ಈವೆಂಟಿನ ಹೆಸರು ‘ತಲುಪಿದೆ’. ಜಾಗ ಅಂಗಡಿಯ ಮೆಟ್ಟಿಲು. ಯಾರು, ಎಷ್ಟು ಹೊತ್ತಿಗೆ ಎಂಬುದನ್ನು ಫೋನೇ ಬರೆದುಕೊಳ್ಳುತ್ತದೆ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಕಚೇರಿಯಲ್ಲೂ ಮಾಡಿರಲಿಲ್ಲವೆಂದು ಒಳಗೊಳಗೇ ಬೀಗಿದೆ.

ಒಂದು ಬುಧವಾರ ನನ್ನ ಗ್ರಹಚಾರ ಎರಡೂ ಕಡೆ ಕೆಟ್ಟಿತು. ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿದ್ದ ರಕ್ತ ಪರೀಕ್ಷೆಯ ಯಂತ್ರವೊಂದು ಎರಡು ಮೂರು ದಿನಕ್ಕೊಮ್ಮೆ ಗರ ಬಡಿದಂತೆ ನಿಂತುಬಿಡುತ್ತಿತ್ತು. ಅದಕ್ಕೂ ಕರ್ನೆಲ್ಲಿಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ನನ್ನ ಕೋಡಿನ ತುದಿಯಲ್ಲಿ ‘ಓದಿ ಮುಗಿಸಿದೆ’ ಎಂಬ ಈವೆಂಟು ನೆಟ್ಟಿದ್ದೆ. ಯಂತ್ರ ನಿಂತಾಗಲೆಲ್ಲ ಗುರುತೇ ಇಲ್ಲ. ಗುರುತಿಲ್ಲವೆಂದ ಮೇಲೆ ಅದು ನನ್ನ ಕೋಡಿನೊಳಗೆ ಕಾಲೇ ಇಟ್ಟಿಲ್ಲ, ತಪ್ಪೆಲ್ಲ ಯಂತ್ರ ಮಾಡಿದವರದೇ ಎಂದು ವಾರದಿಂದ ಅವರೊಡನೆ ಜಗಳ ಕಾಯುತ್ತಿದ್ದೆ. ಆವತ್ತೂ ಅದೇ ಜಗಳದ ನಡುವೆ ಹನ್ನೊಂದಾಯಿತು. ಫೋನು ಬಡಿಯಲಿಲ್ಲ. ಹನ್ನೊಂದೂಕಾಲು. ಹನ್ನೊಂದೂವರೆ. ಅಪ್ಪನಿಗೆ ನಾನೇ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಸಾಹೇಬರಿಗೆ ಮಾಡಿದೆ.

“ಇನ್ನೂ ಬಂದಿಲ್ಲ ಬೇಟಾ. ಅವರ ಚಾಯ್ ತರಿಸಿ ಮುಚ್ಚಿಟ್ಟಿದೀನಿ, ಆರೋಯ್ತು,” ಎಂದರು.

ಜಗಳವನ್ನು ಅಲ್ಲಿಗೇ ಬಿಟ್ಟು ಎದ್ದೆ. ಮೆಟ್ರೋ ಹತ್ತಿದೆ. ಒಂದೊಂದು ನಿಲ್ದಾಣಕ್ಕೆ ಒಂದೊಂದು ಅನಾಹುತ ನನ್ನ ಕಣ್ಣ ಮುಂದೆ ಕಟ್ಟಿತು: ಇಂದಿರಾನಗರದಲ್ಲಿ ಅಪ್ಪ ಬಸ್ಸಿನಿಂದ ಬಿದ್ದಿದ್ದರು, ಹಲಸೂರಿನಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಹೆಸರು ಹೇಳಲಾಗದೆ ಮಲಗಿದ್ದರು. ಅಲ್ಲಿಂದ ಆಟೋ ಹಿಡಿದು ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಎಳನೀರಿನವನಿಂದ ಹಿಡಿದು ಕಂಡಕ್ಟರುಗಳವರೆಗೆ ಸಿಕ್ಕಸಿಕ್ಕವರನ್ನೆಲ್ಲ ಕೇಳಿದೆ. ಬೆವರಿನಲ್ಲಿ ಅದ್ದಿ ತೆಗೆದಂತೆ ಅಂಗಡಿ ಮುಟ್ಟಿದಾಗ ಸಾಹೇಬರು ಮಸೂರವನ್ನೂ ತೆಗೆಯದೆ ಮೆಟ್ಟಿಲ ಮೇಲೆ ನಿಂತು ದಾರಿ ನೋಡುತ್ತಿದ್ದರು.

“ಮನೇಲಿ ನೋಡಿದ್ರಾ?” ಎಂದರು.

ನೋಡಿರಲಿಲ್ಲ. ಸುಧಾ ಸ್ಕೂಲಿನಲ್ಲಿದ್ದಳು, ಅಪ್ಪ ಹೊರಟಾಗಿತ್ತು, ಖಾಲಿ ಮನೆಯಲ್ಲಿ ನೋಡುವುದೇನು? ಸಾಹೇಬರು ಶಟರ್ ಎಳೆದು ನನ್ನ ಜೊತೆ ಆಟೋ ಹತ್ತಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಅಪ್ಪ ಮಂಚದ ಮೇಲೆ ಮಲಗಿದ್ದರು. ಫೋನು ಗೂಟಕ್ಕೆ ನೇತುಹಾಕಿದ ಅಂಗಿಯ ಜೇಬಿನಲ್ಲಿತ್ತು. ಪತ್ರಿಕೆಯ ಚೀಲ ಕಟ್ಟಿದ ಹಾಗೇ ಇತ್ತು. ಜೀವ ಬಂದ ಮರುಕ್ಷಣವೇ ನನಗೆ ಸಿಟ್ಟು ಬಂತು, ಕೂಗಾಡಿಬಿಟ್ಟೆ.

“ತಲುಪಿದ್ ಮೇಲೆ ರಿಂಗ್ ಕೊಡು ಅಂದಿದ್ದೆ. ನಾನು ತಲುಪಲೇ ಇಲ್ವಲ್ಲೋ,” ಎಂದರು ಅಪ್ಪ. “ಅರ್ಧ ದಾರೀಲಿ ವಾಪಸ್ ಬಂದ್ರೆ ಏನ್ ಮಾಡ್ಬೇಕು ಅಂತ ಎಲ್ಲಿ ಹೇಳಿದ್ದೆ?”

ಅಪ್ಪ ಗೋಡೆಯ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಪಾರ್ಕ್ ಹತ್ರ ತಲೆ ಒಂಚೂರು ತಿರುಗ್ತು ಕಣೋ. ಬಸ್ ಇಳಿದು ಕೂತಿದ್ದು, ಸರಿಹೋದ್ಮೇಲೆ ಬಂದ್ಬಿಟ್ಟೆ. ಹೇಳಿದ್ರೆ ನನ್ ಬುಧವಾರ ಕಿತ್ಕೊತಿದ್ದೆ ನೀನು.”

ನನಗೆ ನಾಚಿಕೆಯಾಯಿತು. ನಾನು ಎಷ್ಟು ದೊಡ್ಡ ಭಯದ ಮನುಷ್ಯನೆಂದು ಊರಿಗೆಲ್ಲ ಗೊತ್ತು. ನನಗೆ ಹೆದರುವವರೂ ಮನೆಯಲ್ಲಿದ್ದಾರೆಂಬುದು ನನಗೇ ಗೊತ್ತಿರಲಿಲ್ಲ. ಬಷೀರ್ ಸಾಹೇಬರು ಏನೂ ಆಗದವರಂತೆ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಚೀಲ ಬಿಚ್ಚಿ, “ಎದ್ದೇಳಿ ರೀ, ಇಲ್ಲೇ ಓದಿ. ಸೋಮವಾರದಿಂದ ಶುರು ಮಾಡಿ,” ಎಂದರು.

ಮರುದಿನ ಕಚೇರಿಯಲ್ಲಿ ನನ್ನ ಕೋಡನ್ನು ಹೊಸ ಕಣ್ಣಿನಿಂದ ಓದಿದೆ. ಅಲ್ಲೂ ಅದೇ ಕತೆ. ಏನಾದರೂ ಎಡವಟ್ಟಾದರೆ ನಡುವಿನಿಂದಲೇ ಹಿಂತಿರುಗುವ ಒಂದು ದಾರಿಯನ್ನು ನಾನೇ ಬರೆದಿಟ್ಟು ಮರೆತಿದ್ದೆ, ಗುರುತನ್ನು ಮಾತ್ರ ತುದಿಯಲ್ಲಿ ನೆಟ್ಟಿದ್ದೆ. ಮುಗಿಸಿದವರ ಸಂತೋಷ ದಾಖಲಾಗುತ್ತಿತ್ತು, ಆಗದೆ ಮರಳಿದವರಿಗೆ ಒಂದು ಮಾತು ಬರೆದಿಡಲೂ ಜಾಗವಿರಲಿಲ್ಲ. ‘ಅರ್ಧದಲ್ಲಿ ಮರಳಿದೆ’ ಎಂದು ಇನ್ನೊಂದು ಈವೆಂಟು ಮಾಡಿ, ಯಾಕೆ ಎಂಬುದಕ್ಕೂ ಅದರಲ್ಲಿ ಒಂದು ಅಂಕಣವಿಟ್ಟೆ. ಮೂರನೆಯ ದಿನ ಯಂತ್ರ ನಿಂತಾಗ ಗುರುತು ಸಿಕ್ಕಿತು. ತಪ್ಪು ನನ್ನದೇ ಆಗಿತ್ತು. ಯಂತ್ರದವರಲ್ಲಿ ಕ್ಷಮೆ ಕೇಳಿದೆ.

ಮನೆಯ ಕರಾರನ್ನೂ ತಿದ್ದಿದೆವು. ತಲುಪಿದರೆ ಒಂದು ರಿಂಗು, ನಡುವೆ ಮರಳಿದರೆ ಎರಡು. ಎರಡು ಬಂದರೆ ನಾನು ಕೂಗಾಡುವಂತಿಲ್ಲ, ಬುಧವಾರ ಕಿತ್ತುಕೊಳ್ಳುವಂತಿಲ್ಲ. ಈ ಕೊನೆಯ ಮಾತನ್ನು ಅಪ್ಪ ನನ್ನಿಂದ ಎರಡು ಸಲ ಹೇಳಿಸಿದರು.

ಮೊನ್ನೆ ಬುಧವಾರ ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿದ್ದಾಗ ಫೋನು ಒಂದು ಸಲ ಬಡಿದು ನಿಂತಿತು. ಉಸಿರು ಬಿಡುವಷ್ಟರಲ್ಲಿ ಮತ್ತೊಮ್ಮೆ ಬಡಿಯಿತು, ನಿಂತಿತು. ಹೆದರಿದೆ, ಸುಳ್ಳೇಕೆ ಹೇಳಲಿ. ಆದರೆ ಅಪ್ಪ ಮನೆಯ ದಾರಿ ಹಿಡಿದಿದ್ದಾರೆಂದು ಈ ಸಲ ನನಗೆ ಗೊತ್ತಿತ್ತು, ಗೊತ್ತುಮಾಡಿದವರೂ ಅವರೇ. ಅವರನ್ನೇ ಕೇಳಹೊರಟರೆ ಕರಾರು ಮುರಿದು ಕೂಗಾಡಿಬಿಟ್ಟೇನೆಂದು ಸಾಹೇಬರಿಗೆ ಫೋನ್ ಮಾಡಿ, “ಇವತ್ತು ಚಾಯ್ ತರಿಸಬೇಡಿ ಸಾಹೇಬ್ರೇ,” ಎಂದೆ.

“ಗೊತ್ತು ಬೇಟಾ,” ಎಂದರು. ಹಿಂದೆ ಶಟರ್ ಎಳೆಯುವ ಸದ್ದು ಕೇಳಿಸಿತು. “ನಂಗೂ ಎರಡು ಬಂತು. ಮನೆಗೇ ಹೊರಟಿದೀನಿ.”